ಗೋಡೆ ಯಾರ ಎತ್ತರಕ್ಕೆ?

ಕಳೆದ ವರ್ಷ ಸಂಶೋಧನೆಯ ಕೆಲಸಕ್ಕೆಂದು ನಾಲ್ಕು ತಿಂಗಳು ಬೆಂಗಳೂರಿನಲ್ಲಿದ್ದೆ. ಹಗಲೆಲ್ಲ ದಕ್ಷಿಣ ಕನ್ನಡದ ಹಳೆಯ ಕಂದಾಯ ಕಡತಗಳು, ಸಂಜೆಯಾದರೆ ಪಿಜಿ ಕೋಣೆಯ ನಾಲ್ಕು ಗೋಡೆಗಳು. ಪಕ್ಕದ ಮಂಚದ ಗೆಳತಿ ಒಂದು ದಿನ, "ಬಾ, ಐದನೇ ಗೋಡೆ ತೋರಿಸ್ತೀನಿ" ಎಂದು ಕರೆದುಕೊಂಡು ಹೋದಳು. ಗೋದಾಮಿನಂಥ ಕಟ್ಟಡದೊಳಗೆ ಪ್ಲೈವುಡ್ಡಿನ ಎತ್ತರದ ಗೋಡೆ, ಅದರ ಮೈತುಂಬ ಬಣ್ಣ ಬಣ್ಣದ ಹಿಡಿಕೆಗಳು, ಕೆಳಗೆ ದಪ್ಪ ಹಾಸಿಗೆ. ಹಗ್ಗವಿಲ್ಲದೆ ಏರುವ ಈ ಆಟಕ್ಕೆ ಬೌಲ್ಡರಿಂಗ್ ಎನ್ನುತ್ತಾರೆ. ಒಂದೇ ಬಣ್ಣದ ಹಿಡಿಕೆಗಳೆಲ್ಲ ಸೇರಿ ಒಂದು ದಾರಿ. ಪ್ರತಿ ದಾರಿಯ ಬುಡದಲ್ಲಿ ಒಂದು ಚೀಟಿ, ಚೀಟಿಯಲ್ಲಿ ಒಂದು ಸಂಖ್ಯೆ. ವಿ0 ಎಂದರೆ ಸುಲಭ, ವಿ1 ಅದಕ್ಕಿಂತ ತುಸು ಕಷ್ಟ, ಹೀಗೆ ಮೇಲೆ ಮೇಲೆ.

ಒಂದು ತಿಂಗಳಲ್ಲಿ ವಿ1ರ ದಾರಿಗಳು ಕೈಗೆ ಹತ್ತಿದವು. ಆಮೇಲೆ ನೀಲಿ ಬಣ್ಣದ ಒಂದು ವಿ2 ಎದುರಾಯಿತು. ಮೊದಲ ಎರಡು ಹಿಡಿಕೆಗಳು ಸಲೀಸು. ಮೂರನೆಯದು ನನ್ನ ಬೆರಳ ತುದಿಯಿಂದ ಒಂದು ಗೇಣು ದೂರ. ನನ್ನ ಎತ್ತರ ಐದಡಿಗೆ ಅರ್ಧ ಇಂಚು ಹೆಚ್ಚು. ಹಾರಿದೆ, ಬಿದ್ದೆ. ಮತ್ತೆ ಹಾರಿದೆ, ಮತ್ತೆ ಬಿದ್ದೆ. ಅಷ್ಟರಲ್ಲಿ ಅದೇ ಮೊದಲ ಸಲ ಬಂದಿದ್ದ, ಆರಡಿ ಎತ್ತರದ ಹುಡುಗನೊಬ್ಬ ನಿಂತಲ್ಲಿಂದಲೇ ಕೈ ಚಾಚಿ ಮೂರನೆಯ ಹಿಡಿಕೆ ಹಿಡಿದು ಮೇಲೆ ಹೋಗಿಬಿಟ್ಟ. ಕೆಳಗಿಳಿದು, "ಇದು ಸುಲಭ ಇದೆ" ಎಂದು ಸ್ನೇಹದಿಂದಲೇ ಹೇಳಿದ. ಅವನು ಹೇಳಿದ್ದು ಸುಳ್ಳೇನಲ್ಲ.

ಗೋಡೆಗೆ ದಾರಿ ಕಟ್ಟುವವರನ್ನು ರೂಟ್ ಸೆಟರ್ ಎನ್ನುತ್ತಾರೆ. ಆ ಸಂಜೆ ಅವರೂ ಅಲ್ಲಿದ್ದರು. ನನ್ನ ಒದ್ದಾಟ ನೋಡಿ ಹತ್ತಿರ ಬಂದು, ಗೋಡೆಯನ್ನೂ ನನ್ನನ್ನೂ ಅಳೆಯುವಂತೆ ನೋಡಿ ಹೇಳಿದರು: "ನಿಮಗೆ ಇದು ವಿ4 ಇರಬಹುದು."

ಕೋಣೆಗೆ ಹಿಂತಿರುಗುವ ದಾರಿಯುದ್ದಕ್ಕೂ ಆ ಮಾತು ತಲೆಯಲ್ಲೇ ಇತ್ತು. ನನಗೆ ವಿ4 ಎಂದಾದರೆ ಚೀಟಿಯಲ್ಲಿ ಬರೆದ ವಿ2 ಯಾರಿಗೆ? ಚೀಟಿಯಲ್ಲಿ ಯಾರ ಹೆಸರೂ ಇಲ್ಲ. ಎಲ್ಲರಿಗೂ ಎಂಬಂತೆ ಅದು ಅಂಟಿಕೊಂಡಿದೆ. ಕಷ್ಟ ಎನ್ನುವುದು ಇರುವುದು ಗೋಡೆಯಲ್ಲೋ, ಏರುವವರ ಮೈಯಲ್ಲೋ?

ಉತ್ತರ ಹುಡುಕುವ ಮೊದಲು ಆ ಗೋಡೆಯ ಕೆಲಸ ಹೇಗೆ ನಡೆಯುತ್ತದೆಂದು ಹೇಳಬೇಕು. ಪ್ಲೈವುಡ್ ಹಲಗೆಗಳಲ್ಲಿ ಸಾಲಾಗಿ ತೂತುಗಳಿರುತ್ತವೆ, ಪ್ರತಿ ತೂತಿನ ಹಿಂದೆ ಒಂದು ಲೋಹದ ನಟ್ಟು. ಹಿಡಿಕೆಗಳು ಹೆಚ್ಚಾಗಿ ಪಾಲಿಯುರೆಥೇನಿನವು. ಕೈತುಂಬ ಸಿಗುವ ಕೊಕ್ಕೆಯಂಥವಕ್ಕೆ ಜಗ್, ಬೆರಳ ತುದಿಯಷ್ಟೇ ಕೂರುವವಕ್ಕೆ ಕ್ರಿಂಪ್, ಅಂಚೇ ಇಲ್ಲದೆ ಬೋಳು ತಲೆಯಂತೆ ಜಾರುವವಕ್ಕೆ ಸ್ಲೋಪರ್. ಕೆಲವು ವಾರಗಳಿಗೊಮ್ಮೆ ಗೋಡೆಯ ಒಂದು ಭಾಗವನ್ನು ಪೂರ್ತಿ ಬಿಚ್ಚಿ, ಹಿಡಿಕೆಗಳಿಗೆ ಮೆತ್ತಿದ ಬಿಳಿ ಪುಡಿ ಮತ್ತು ಶೂಗಳ ರಬ್ಬರನ್ನು ತೊಳೆದು, ಸೆಟರ್ ಹೊಸ ದಾರಿಗಳನ್ನು ಕಟ್ಟುತ್ತಾರೆ. ಏಣಿಯ ಮೇಲೆ ನಿಂತು ಡ್ರಿಲ್ಲಿನಿಂದ ಬೋಲ್ಟ್ ತಿರುಗಿಸುತ್ತಾ ಅವರು ನಿಜವಾಗಿ ಜೋಡಿಸುವುದು ಚಲನೆಗಳನ್ನು. ಇಲ್ಲಿ ದೇಹ ಎಡಕ್ಕೆ ವಾಲಬೇಕು, ಇಲ್ಲಿ ಕಾಲು ಸೊಂಟದ ಮಟ್ಟಕ್ಕೆ ಬರಬೇಕು, ಇಲ್ಲಿ ಒಂದು ಕ್ಷಣ ಎರಡೂ ಕಾಲು ಗಾಳಿಯಲ್ಲಿರಬೇಕು. ಒಂದೇ ಹಿಡಿಕೆಯನ್ನು ಸ್ವಲ್ಪ ತಿರುಗಿಸಿ ಬಿಗಿದರೆ ಸಾಕು, ದಾರಿಯ ಕಷ್ಟವೇ ಬದಲಾಗುತ್ತದೆ.

ಕಟ್ಟಿ ಮುಗಿದ ಮೇಲೆ ಏರಿ ನೋಡುವುದು. ಒಳ್ಳೆಯ ಜಾಗಗಳಲ್ಲಿ ಕಟ್ಟಿದವರಲ್ಲದೆ ಬೇರೆಯವರೂ ಏರಿ ನೋಡುತ್ತಾರೆ. ಕಾರಣವಿದೆ. ಕಟ್ಟಿದವರಿಗೆ ಯಾವ ಕೈ ಎಲ್ಲಿಗೆಂಬುದು ಮೊದಲೇ ಗೊತ್ತು. ಒಗಟು ಹೆಣೆದವರಿಗೆ ಆ ಒಗಟು ಎಷ್ಟು ಕಷ್ಟವೆಂದು ತಿಳಿಯುವುದು ಹೇಗೆ? ಹಾಗಾಗಿ ನಾಲ್ಕು ಜನ ಏರಿ, ನಾಲ್ಕು ಅಭಿಪ್ರಾಯ ಹೇಳಿ, ಗೋಡೆಯ ಮೇಲಿನ ಬೇರೆ ದಾರಿಗಳಿಗೆ ಹೋಲಿಸಿ, ಕೊನೆಗೆ ಒಂದು ಸಂಖ್ಯೆಗೆ ಬರುತ್ತಾರೆ. ಅಳತೆಪಟ್ಟಿ ಇಲ್ಲ, ಸೂತ್ರವಿಲ್ಲ. ಇರುವುದು ಮಾತುಕತೆ ಮತ್ತು ಒಪ್ಪಂದ.

ಈ ಸಂಖ್ಯೆಗಳ ಚರಿತ್ರೆಯನ್ನು ಓದಿದಾಗ ನನಗೆ ನಗುವೂ ಬಂತು, ಗೌರವವೂ ಮೂಡಿತು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಏರುಗಾರರು ಹಗ್ಗ ಬೇಕಾಗುವ ದಾರಿಗಳನ್ನು 5.0ರಿಂದ 5.9ರವರೆಗೆ ವಿಂಗಡಿಸಿದರು. ದಶಮಾಂಶ ಪದ್ಧತಿಯಂತೆ 5.9ರ ಆಚೆಗೆ ಜಾಗವೇ ಇಲ್ಲ. ಮನುಷ್ಯರು ಇದಕ್ಕಿಂತ ಹೆಚ್ಚು ಏರಲಾರರು ಎಂಬ ನಂಬಿಕೆ ಆ ಒಂಬತ್ತರಲ್ಲಿತ್ತು. ಮುಂದಿನವರು ಅದನ್ನೂ ದಾಟಿದರು. ಆಗ ಲೆಕ್ಕವನ್ನೇ ಬಗ್ಗಿಸಿ 5.10 ಎಂದರು, ಆಮೇಲೆ 5.11, 5.12. ಶಾಲೆಯ ಗಣಿತದಲ್ಲಿ 5.10 ಎಂದರೆ 5.9ಕ್ಕಿಂತ ಕಡಿಮೆ, ಬಂಡೆಯ ಗಣಿತದಲ್ಲಿ ಹೆಚ್ಚು. ಇಂದು ಒಳಾಂಗಣ ಗೋಡೆಗಳಲ್ಲಿ ಕಾಣುವ ವಿ ಅಂಕಗಳು ಟೆಕ್ಸಾಸಿನ ಹ್ಯೂಕೋ ಟ್ಯಾಂಕ್ಸ್ ಎಂಬ ಬಂಡೆಗಳ ಸೀಮೆಯಿಂದ ಬಂದವು. ಜಾನ್ ಶೆರ್ಮನ್ ಎಂಬವರು 1991ರಲ್ಲಿ ಪ್ರಕಟಿಸಿದ ಕೈಪಿಡಿಯಿಂದ ಅವು ಹಬ್ಬಿದವು. ಆ ವಿ ಬಂದಿದ್ದು ಅವರ ಅಡ್ಡಹೆಸರಿನ ಮೊದಲ ಅಕ್ಷರದಿಂದ. ಈ ಅಳತೆಗೆ ಮೇಲ್ಮಿತಿ ಇಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇವೆರಡಕ್ಕಿಂತ ಬೇರೆಯಾದ ಒಂದು ಅಳತೆ. ಜಾನ್ ಗಿಲ್ ಎಂಬ ಗಣಿತಜ್ಞ ಬೌಲ್ಡರಿಂಗಿಗೆ ಮೂರೇ ದರ್ಜೆ ಇಟ್ಟಿದ್ದರು: ಬಿ1, ಬಿ2, ಬಿ3. ಬಿ3 ಎಂದರೆ ಬೇರೆಯವರು ಪ್ರಯತ್ನಿಸಿ ಸೋತ, ಒಬ್ಬರೇ ಏರಿದ ದಾರಿ. ಎರಡನೆಯವರು ಏರಿದ ದಿನ ಅದು ಬಿ3 ಆಗಿ ಉಳಿಯುವುದಿಲ್ಲ, ಕೆಳಗಿಳಿಯುತ್ತದೆ. ಬಂಡೆ ಅದೇ, ಬಿರುಕು ಅದೇ, ದರ್ಜೆ ಮಾತ್ರ ಬದಲಾಯಿತು. ಕಷ್ಟ ಬಂಡೆಯಲ್ಲೇ ಇದೆ ಎಂದು ಗಿಲ್ ನಂಬಿದ್ದರೆ ಇಂಥ ಅಳತೆ ಮಾಡುತ್ತಿರಲಿಲ್ಲ. ಕಷ್ಟವೆಂದರೆ ಜನರಿಗೂ ಬಂಡೆಗೂ ನಡುವಿನ ಸಂಬಂಧ, ಜನ ಬದಲಾದಂತೆ ಅದೂ ಬದಲಾಗುತ್ತದೆ ಎಂಬ ಅರಿವು ಆ ಮೂರು ದರ್ಜೆಗಳಲ್ಲಿದೆ.

ನಾನು ಅಡಿಕೆ ತೋಟದ ಮನೆಯವಳು. ದರ್ಜೆ ಎಂದೊಡನೆ ನನಗೆ ನೆನಪಾಗುವುದು ಅಂಗಳದಲ್ಲಿ ಸುಲಿದ ಅಡಿಕೆಯನ್ನು ಬೇರೆ ಬೇರೆ ಮಾಡುವ ಹೊತ್ತು. ಒಳ್ಳೆಯದು ಒಂದು ಕಡೆ, ಪಟೋರ ಒಂದು ಕಡೆ, ಕೋಕ ಇನ್ನೊಂದು ಕಡೆ. ಅಲ್ಲಿ ದರ್ಜೆ ಇರುವುದು ಅಡಿಕೆಯಲ್ಲೇ. ಅನುಮಾನವಿದ್ದರೆ ಒಡೆದು ನೋಡಬಹುದು. ಅಡಿಕೆ ಅಜ್ಜಿಯ ಕೈಯಲ್ಲಿ ಪಟೋರವಾಗಿ, ಅಪ್ಪನ ಕೈಯಲ್ಲಿ ಒಳ್ಳೆಯದಾಗಿ ಬದಲಾಗುವುದಿಲ್ಲ. ನಮ್ಮ ಕಂಬಳದಲ್ಲಂತೂ ಎರಡು ಬಗೆಯ ಅಳತೆಗಳು ಒಂದೇ ಗದ್ದೆಯಲ್ಲಿವೆ. ಕನೆಹಲಗೆಯ ಓಟದಲ್ಲಿ ನೀರು ಚಿಮ್ಮಿ ಎತ್ತರಕ್ಕೆ ಕಟ್ಟಿದ ನಿಶಾನೆಗೆ ತಾಗಬೇಕು. ಆರೂವರೆ ಕೋಲು ಎಂದರೆ ಆರೂವರೆ ಕೋಲು, ಏಳೂವರೆ ಎಂದರೆ ಏಳೂವರೆ, ಯಾರ ಕೋಣವಾದರೂ ಸರಿ. ಆದರೆ ಹಗ್ಗ, ನೇಗಿಲಿನ ಓಟಗಳಲ್ಲಿ ಹಿರಿಯ, ಕಿರಿಯ ಎಂಬ ವಿಭಾಗಗಳಿವೆ. ಯಾವ ಜೋಡಿ ಯಾವ ವಿಭಾಗಕ್ಕೆ ಎಂದು ಕೋಣಗಳ ಹಲ್ಲು ನೋಡಿ ತೀರ್ಮಾನಿಸುತ್ತಾರೆ. ಬೆಳೆದ ಕೋಣದ ಎದುರು ಎಳೆಯದನ್ನು ಓಡಿಸಿ, ಸೋತಿತು ಎನ್ನುವುದರಲ್ಲಿ ಅರ್ಥವಿಲ್ಲವೆಂದು ಗದ್ದೆಯ ಹಿರಿಯರಿಗೆ ಗೊತ್ತಿತ್ತು. ಮೈಯನ್ನು ನೋಡದೆ ಅಳೆಯಬೇಕಾದ್ದು ಯಾವುದು, ಮೈಯನ್ನು ನೋಡಿಯೇ ಅಳೆಯಬೇಕಾದ್ದು ಯಾವುದು ಎಂದು ಬೇರ್ಪಡಿಸುವ ವಿವೇಕ ಅದು.

ಹಾಗಾದರೆ ಗೋಡೆಯ ಮೇಲಿನ ವಿ2 ನಿಶಾನೆಯಂಥದ್ದೋ, ಹಲ್ಲಿನಂಥದ್ದೋ?

ಸುಲಭದ ಉತ್ತರಗಳು ಎರಡಿವೆ. ಒಂದು: ಕಷ್ಟ ಪೂರ್ತಿಯಾಗಿ ಅವರವರ ಮೈಗೆ ಬಿಟ್ಟದ್ದು, ಹಾಗಾಗಿ ದರ್ಜೆಗಳೆಲ್ಲ ಸುಳ್ಳು. ಇದು ಸರಿಯಲ್ಲ. ನೀಲಿ ದಾರಿ ನನಗೆ ಕಷ್ಟವಾದರೂ, ಅದೇ ಗೋಡೆಯ ವಿ7 ನನಗೂ ಆ ಎತ್ತರದ ಹುಡುಗನಿಗೂ ಸಮನಾಗಿ ಅಸಾಧ್ಯವಾಗಿತ್ತು. ದರ್ಜೆಯಿಲ್ಲದಿದ್ದರೆ ಹೊಸಬಳಾದ ನಾನು ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಇನ್ನೊಂದು ಉತ್ತರ: ಗೋಡೆ ಎಲ್ಲರಿಗೂ ಒಂದೇ, ಹಾಗಾಗಿ ಅದು ನ್ಯಾಯ, ತಲುಪದಿದ್ದರೆ ತಪ್ಪು ನಿನ್ನದು. ಇದು ಕೇಳಲು ಗಟ್ಟಿಯಾಗಿದೆ. ಆದರೆ ಒಂದು ಸಂಗತಿಯನ್ನು ಮುಚ್ಚಿಡುತ್ತದೆ: ಆ ಮೂರನೆಯ ಹಿಡಿಕೆಯನ್ನು ಅಲ್ಲೇ ಬಿಗಿದದ್ದು ಒಬ್ಬ ಮನುಷ್ಯ.

ಬೆಳ್ತಂಗಡಿಯ ಹತ್ತಿರದ ಗಡಾಯಿಕಲ್ಲನ್ನು ನೋಡಿದವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಟಿಪ್ಪು 1794ರಲ್ಲಿ ಅದರ ನೆತ್ತಿಯಲ್ಲಿ ಕೋಟೆ ಕಟ್ಟಿಸಿ, ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಕರೆದ. ಕಲ್ಲಿನಲ್ಲೇ ಕಡಿದ ಸಾವಿರದ ಎಂಟುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿ ನಾವೆಲ್ಲ ಕಾಲೇಜಿನ ದಿನಗಳಲ್ಲಿ ಏದುಸಿರು ಬಿಟ್ಟಿದ್ದೇವೆ. ಚಿತ್ರದುರ್ಗದ ಕೋಟೆಗೋಡೆಗಳನ್ನು ಬರಿಗೈಯಲ್ಲಿ ಏರಿ ಹೆಸರಾದ, ಜನ ಕೋತಿರಾಜ ಎಂದೇ ಕರೆಯುವ ಜ್ಯೋತಿರಾಜ್ 2023ರಲ್ಲಿ ಇದೇ ಕಲ್ಲನ್ನು ಮೆಟ್ಟಿಲು ಬಿಟ್ಟು ಬಂಡೆಯ ಮೈಯಿಂದಲೇ ಏರಿದರು. ಆ ಬಂಡೆಯಲ್ಲಿ ಎಲ್ಲಾದರೂ ಒಂದು ಬಿರುಕು ನನ್ನ ಕೈಗೆ ಸಿಗದಷ್ಟು ದೂರವಿದ್ದರೆ ನಾನು ಯಾರನ್ನೂ ದೂರುವಂತಿಲ್ಲ. ಬಂಡೆ ನನ್ನನ್ನಾಗಲಿ, ಅವರನ್ನಾಗಲಿ ನೆನೆದುಕೊಂಡು ಹುಟ್ಟಿದ್ದಲ್ಲ. ಪ್ಲೈವುಡ್ಡಿನ ಗೋಡೆ ಹಾಗಲ್ಲ. ಅಲ್ಲಿರುವ ಪ್ರತಿ ದೂರವೂ ಯಾರದೋ ತೀರ್ಮಾನ. ರಾಜಕೀಯ ಚಿಂತಕಿ ಜುಡಿತ್ ಶ್ಕ್ಲಾರ್ 1990ರ ತಮ್ಮ ಪುಸ್ತಕವೊಂದರಲ್ಲಿ ದುರದೃಷ್ಟಕ್ಕೂ ಅನ್ಯಾಯಕ್ಕೂ ನಡುವಿನ ಗೆರೆಯ ಬಗ್ಗೆ ಬರೆದಿದ್ದಾರೆ. ಆ ಗೆರೆಯನ್ನು ಎಲ್ಲಿ ಎಳೆಯುತ್ತೇವೆ ಎನ್ನುವುದು, ನಾವು ಬಲಿಯಾದವರ ಜಾಗದಲ್ಲಿ ನಿಂತಿದ್ದೇವೋ ನೋಡುವವರ ಜಾಗದಲ್ಲಿದ್ದೇವೋ ಎಂಬುದನ್ನು ಅವಲಂಬಿಸಿದೆ ಎಂಬುದು ಅವರ ವಾದದ ಒಂದು ಎಳೆ. ಮನುಷ್ಯರು ಕಟ್ಟಿದ ಗೋಡೆಯನ್ನು ಪ್ರಕೃತಿ ಕೊಟ್ಟ ಬಂಡೆಯೆಂಬಂತೆ ತೋರಿಸುವುದು ಕಟ್ಟಿದವರಿಗೆ ಯಾವಾಗಲೂ ಅನುಕೂಲ.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಇದೇ ಪ್ರಶ್ನೆ ಜಗತ್ತಿನೆದುರು ಬಂತು. ಮಹಿಳೆಯರ ಫೈನಲಿನಲ್ಲಿ ಜಪಾನಿನ ಐ ಮೋರಿ ಇದ್ದರು. ಅವರ ಎತ್ತರ 154 ಸೆಂಟಿಮೀಟರ್, ಹೆಚ್ಚುಕಡಿಮೆ ನನ್ನಷ್ಟೇ. ಮೊದಲ ಬೌಲ್ಡರಿನಲ್ಲಿ ಶುರುಮಾಡುವ ಹಿಡಿಕೆಗೇ ಹಾರಿ ಹಿಡಿಯಬೇಕಿತ್ತು. ಅವರು ಮತ್ತೆ ಮತ್ತೆ ಹಾರಿದರು, ಸಿಗಲಿಲ್ಲ. ಆ ದಾರಿಗೆ ಸೊನ್ನೆ. ಅದೇ ಮೋರಿ ಆಮೇಲೆ ಹಗ್ಗ ಕಟ್ಟಿಕೊಂಡು ಏರುವ ಲೀಡ್ ವಿಭಾಗದಲ್ಲಿ ಎಂಟು ಮಂದಿಯಲ್ಲೇ ಹೆಚ್ಚು ಅಂಕ ಪಡೆದರು. ಒಟ್ಟಾರೆ ನಾಲ್ಕನೆಯ ಸ್ಥಾನ, ಪದಕವಿಲ್ಲ. ಆ ದೃಶ್ಯ ನೋಡಿದ ಅನೇಕರಿಗೆ ಕೋಪ ಬಂತು. ಹಾರುವುದೂ ಒಂದು ಕೌಶಲವೇ, ಅದನ್ನು ಅಭ್ಯಾಸ ಮಾಡಿರಬೇಕಿತ್ತು ಎಂದವರೂ ಇದ್ದರು.

ಸೆಟರ್‌ಗಳ ಪರವಾಗಿಯೂ ಹೇಳಬೇಕಾದ್ದಿದೆ. ಎಲ್ಲ ಮೈಗಳಿಗೂ ಸಮನಾದ ಒಂದೇ ದಾರಿಯನ್ನು ಕಟ್ಟಲು ಯಾರಿಂದಲೂ ಆಗದು. ಹಿಡಿಕೆಗಳನ್ನು ಹತ್ತಿರ ಹತ್ತಿರ ಇಟ್ಟರೆ ಎತ್ತರದವರು ಮುದುಡಿಕೊಂಡು ಒದ್ದಾಡುತ್ತಾರೆ. ಕುಳ್ಳಗಿರುವುದರ ಲಾಭಗಳೂ ಇವೆ. ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ ನೋಸ್ ಎಂಬ ದಾರಿಯನ್ನು, ಹಗ್ಗವನ್ನು ರಕ್ಷಣೆಗೆ ಮಾತ್ರ ಬಳಸಿ, ಕೈಕಾಲಿನ ಬಲದಿಂದಲೇ ಮೊದಲು ಪೂರ್ತಿ ಏರಿದ್ದು 1993ರಲ್ಲಿ ಲಿನ್ ಹಿಲ್. ಐದಡಿ ಎರಡಿಂಚಿನ ಹೆಂಗಸು. ದಪ್ಪ ಬೆರಳುಗಳು ತೂರದ ಬಿರುಕುಗಳಲ್ಲಿ ಅವರ ಸಣ್ಣ ಬೆರಳುಗಳು ಹಿಡಿದವು ಎನ್ನುತ್ತಾರೆ. ಅಂದರೆ ನ್ಯಾಯವನ್ನು ಒಂದೊಂದು ದಾರಿಯಲ್ಲಿ ಹುಡುಕಬಾರದು, ಇಡೀ ಗೋಡೆಯಲ್ಲಿ ಹುಡುಕಬೇಕು. ಒಂದು ದಾರಿ ಉದ್ದ ಕೈಗೆ ಒಲಿದರೆ, ಇನ್ನೊಂದು ಸಣ್ಣ ಬೆರಳಿಗೆ, ಮತ್ತೊಂದು ಬಳುಕುವ ಸೊಂಟಕ್ಕೆ ಒಲಿಯಲಿ. ಗೋಡೆಯ ಎಲ್ಲ ದಾರಿಗಳೂ ಒಂದೇ ಬಗೆಯ ಮೈಗೆ ಒಲಿಯುತ್ತಿದ್ದರೆ ಮಾತ್ರ ಅದು ಪಕ್ಷಪಾತ.

ಈ ವಾದ ನನಗೆ ಒಪ್ಪಿಗೆ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಸಣ್ಣ ಹಿಡಿಕೆಯ ಕಷ್ಟ ಬೇರೆ, ತಲುಪದ ಹಿಡಿಕೆಯ ಕಷ್ಟ ಬೇರೆ. ಸಣ್ಣ ಹಿಡಿಕೆ ನನ್ನನ್ನು ಬೀಳಿಸುತ್ತದೆ, ಆದರೆ ಪ್ರತಿ ಸಲ ಬೀಳುವಾಗಲೂ ಏನೋ ಹೇಳಿಕೊಡುತ್ತದೆ. ಹೆಬ್ಬೆರಳು ಹೀಗಿಡು, ತೂಕ ಎಡಗಾಲಿಗೆ ಕೊಡು ಎಂದು. ಕೈಗೇ ತಾಗದ ಹಿಡಿಕೆ ಏನನ್ನೂ ಹೇಳುವುದಿಲ್ಲ. ಅಲ್ಲಿ ಕಲಿಯುವುದು ಒಂದೇ: ಈ ದಾರಿ ನನ್ನಂಥವರಿಗಲ್ಲ.

ನನ್ನ ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಅನ್ಯಾಯಕ್ಕೊಳಗಾದವಳಾಗಿ ನೆಮ್ಮದಿಯಿಂದ ಇರುತ್ತಿದ್ದೆ. ಮುಗಿಯಲಿಲ್ಲ. ಮೂರನೆಯ ವಾರ ಒಂದು ಸಂಜೆ ಎಡಗಾಲನ್ನು ಸೊಂಟದ ಮಟ್ಟದ ಒಂದು ಹಿಡಿಕೆಗೆ ಏರಿಸಿ, ಅದರ ಮೇಲೆ ನಿಧಾನವಾಗಿ ಎದ್ದು ನಿಂತೆ. ಮೂರನೆಯ ಹಿಡಿಕೆ ಕೈಗೆ ಬಂತು. ಮೇಲಿನ ತುದಿ ಮುಟ್ಟಿ ಇಳಿದಾಗ ಅಳು ಬರುವಷ್ಟು ಖುಷಿಯಾಗಿತ್ತು. ಸೆಟರ್ ನಕ್ಕು, "ಈಗ ಹೇಳಿ, ಎಷ್ಟು?" ಎಂದರು. ನಾನು ಯೋಚಿಸದೆ, "ವಿ2 ಸರಿಯಾಗಿಯೇ ಇದೆ" ಎಂದೆ.

ಮರುದಿನ ನನಗಿಂತಲೂ ಕುಳ್ಳಗಿನ ಹುಡುಗಿಯೊಬ್ಬಳು ಅದೇ ನೀಲಿ ದಾರಿಯ ಬುಡದಲ್ಲಿ ನಿಂತು ಕೈ ಚಾಚಿ ಅಳೆಯುತ್ತಿದ್ದಳು. "ಎತ್ತರ ಸಾಲಲ್ಲ ಅಲ್ವಾ?" ಎಂದು ಕೇಳಿದಳು. ನಾನು ಹೇಳಿದೆ: "ಹಾಗೇನಿಲ್ಲ. ನಾನೂ ಕುಳ್ಳಿಯೇ, ನನಗೆ ಆಯ್ತಲ್ಲ."

ಮಾತು ಬಾಯಿಂದ ಹೊರಟೊಡನೆ ಎಲ್ಲೋ ಕೇಳಿದ ದನಿ ಎನಿಸಿತು. ಅದು ನನ್ನದೇ ದನಿ. ಆ ಮಾತನ್ನು ನಾನು ಹಿಂದೆಯೂ ಒಬ್ಬಳಿಗೆ ಹೇಳಿದ್ದೆ.

ಬೆಂಗಳೂರಿಗೆ ಹೋಗುವ ಹಿಂದಿನ ವರ್ಷ ಮಂಗಳೂರಿನ ಒಂದು ಕಾಲೇಜಿನಲ್ಲಿ ವಾರಕ್ಕೆ ಕೆಲವು ಗಂಟೆ ಇತಿಹಾಸ ಪಾಠ ಮಾಡುತ್ತಿದ್ದೆ. ಬಿ.ಎ. ತರಗತಿಯ ಆಂತರಿಕ ಪರೀಕ್ಷೆಗೆ 20 ಅಂಕದ ಪ್ರಶ್ನೆಯೊಂದನ್ನು ತಯಾರಿಸಿದೆ. ಫ್ರಾನ್ಸಿಸ್ ಬುಕಾನನ್ ನಮ್ಮ ಸೀಮೆಯಲ್ಲಿ ಸಂಚರಿಸಿ ಬರೆದು 1807ರಲ್ಲಿ ಅಚ್ಚಾದ ಪ್ರವಾಸಕಥನದಿಂದ ಭೂಮಿ ಮತ್ತು ಗೇಣಿಯ ಕುರಿತ ಒಂದು ಪುಟವನ್ನು ಕೊಟ್ಟು, ಅದನ್ನು ವಿಶ್ಲೇಷಿಸಿ ಎಂದೆ. ಉತ್ತರ ಕನ್ನಡದಲ್ಲಿ ಬರೆಯಬಹುದಿತ್ತು. ಪುಟ ಮಾತ್ರ ಇಂಗ್ಲಿಷಿನಲ್ಲಿತ್ತು, ಅದೂ ಇನ್ನೂರು ವರ್ಷ ಹಿಂದಿನ ಇಂಗ್ಲಿಷ್. ಒಳ್ಳೆಯ ಪ್ರಶ್ನೆ ಎಂದು ನನಗೆ ಹೆಮ್ಮೆಯಿತ್ತು. ಮೂಲ ಆಕರವನ್ನು ಓದಲು ಕಲಿಯಲಿ ಎಂಬ ಸದುದ್ದೇಶವೂ ಇತ್ತು.

ಹಳ್ಳಿಯೊಂದರಿಂದ ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಒಬ್ಬಳು ವಿದ್ಯಾರ್ಥಿನಿ ಆ ಪುಟವನ್ನು ಮುಟ್ಟಿರಲೇ ಇಲ್ಲ. ಬದಲಿಗೆ ಮೂಲಗೇಣಿಗೂ ಚಾಲಗೇಣಿಗೂ ಇರುವ ವ್ಯತ್ಯಾಸವನ್ನು ಒಂದೂವರೆ ಪುಟ ಬರೆದಿದ್ದಳು. ಚಾಲಗೇಣಿಯ ಒಕ್ಕಲನ್ನು ಎಬ್ಬಿಸುವುದು ಎಷ್ಟು ಸುಲಭವಾಗಿತ್ತು, 1974ರ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ ಅವಳ ಅಜ್ಜನ ಮನೆಯಲ್ಲಿ ಏನಾಯಿತು ಎಂದೆಲ್ಲ ಅದರಲ್ಲಿತ್ತು. ಪ್ರಶ್ನೆಗೆ ಉತ್ತರಿಸಿಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದು 6 ಅಂಕ ಕೊಟ್ಟೆ.

ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಿದಳು: "ಮೇಡಂ, ವಿಷಯ ನನಗೆ ಗೊತ್ತುಂಟು. ಪ್ರಶ್ನೆಯಲ್ಲಿ ಎಂತ ಕೇಳಿದ್ದು ಅಂತ ಗೊತ್ತಾಗ್ಲಿಲ್ಲ."

ನಾನು ಹೇಳಿದೆ: "ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮೇ. ನನಗೆ ಆಯ್ತಲ್ಲ."

ಅವಳು ತಲೆಯಾಡಿಸಿ ಹೋದಳು. ಇತಿಹಾಸವನ್ನು ಎಂ.ಎ.ಗೂ ಓದುವ ಆಸೆಯಿದೆ ಎಂದು ಮೊದಲೊಮ್ಮೆ ಹೇಳಿದ್ದವಳು ಮುಂದಿನ ಸೆಮಿಸ್ಟರಿನಲ್ಲಿ ಐಚ್ಛಿಕ ವಿಷಯ ಆರಿಸುವಾಗ ಬೇರೇನನ್ನೋ ಆರಿಸಿಕೊಂಡಳು. ಆ ಒಂದು ಪರೀಕ್ಷೆಯಿಂದಲೇ ಹಾಗಾಯಿತೆಂದು ನಾನು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

ಗಿಲ್ ಅವರ ಬಿ3 ನನಗೆ ಅರ್ಥವಾದದ್ದು ಆಗ. ಎರಡನೆಯವರು ಏರಿದ ಕೂಡಲೇ ದರ್ಜೆ ಇಳಿಯುತ್ತದೆ. ಆಟದ ಲೆಕ್ಕದಲ್ಲಿ ಅದು ಸರಿ. ಆದರೆ ಬದುಕಿನಲ್ಲಿ ಇದೇ ಲೆಕ್ಕ ಬೇರೊಂದು ರೂಪ ತಾಳುತ್ತದೆ. ಕಷ್ಟಪಟ್ಟು ಏರಿದವರೇ, ಆ ದಾರಿ ಅಷ್ಟೇನೂ ಕಷ್ಟವಲ್ಲ ಎಂಬುದಕ್ಕೆ ಸಾಕ್ಷಿಯಾಗಿಬಿಡುತ್ತಾರೆ. ನನ್ನ ಮೂರು ವಾರದ ಬೀಳುಗಳು ನನ್ನ ಒಂದು ಏರಿನೊಳಗೆ ಕರಗಿಹೋದವು. ಕನ್ನಡ ಮಾಧ್ಯಮದಿಂದ ಬಂದ ನಾನು ಪಿಯುಸಿಯ ಮೊದಲ ವರ್ಷ ಪಾಠ ತಿಳಿಯದೆ ಹಾಸ್ಟೆಲಿನಲ್ಲಿ ಅತ್ತದ್ದು, ಸೀನಿಯರ್ ಅಕ್ಕ ಒಬ್ಬರು ದಿನಾ ರಾತ್ರಿ ಡಿಕ್ಷನರಿ ಹಿಡಿದು ಪಕ್ಕದಲ್ಲಿ ಕೂತದ್ದು, ಆ ಅಕ್ಕ ಇಲ್ಲದಿದ್ದರೆ ನಾನು ಎಲ್ಲಿರುತ್ತಿದ್ದೆ ಎನ್ನುವುದು, ಇದ್ಯಾವುದೂ "ನನಗೆ ಆಯ್ತಲ್ಲ" ಎಂಬ ಎರಡು ಪದಗಳಲ್ಲಿಲ್ಲ. ಸೊಂಟದ ಮಟ್ಟಕ್ಕೆ ಸಿಕ್ಕಿದ ಆ ಎಡಗಾಲಿನ ಹಿಡಿಕೆ ಅವಳ ಗೋಡೆಯಲ್ಲಿತ್ತೇ ಎಂದು ನಾನು ನೋಡಲೇ ಇಲ್ಲ.

ಗೋಡೆಗೂ ಪರೀಕ್ಷೆಗೂ ಇನ್ನೊಂದು ವ್ಯತ್ಯಾಸವಿದೆ, ಅದನ್ನು ಮರೆತರೆ ಈ ಹೋಲಿಕೆ ಮೋಸವಾಗುತ್ತದೆ. ಬರ್ನಾರ್ಡ್ ಸೂಟ್ಸ್ ಎಂಬ ತತ್ವಶಾಸ್ತ್ರಜ್ಞ 1978ರಲ್ಲಿ ಆಟದ ಬಗ್ಗೆ ಬರೆದ ಪುಸ್ತಕದ ಮುಖ್ಯ ಮಾತು ಇಷ್ಟು: ಅಗತ್ಯವಿಲ್ಲದ ಅಡ್ಡಿಗಳನ್ನು ತಾನಾಗಿಯೇ ಮೈಮೇಲೆ ಎಳೆದುಕೊಂಡು ದಾಟಲು ಹೊರಡುವುದೇ ಆಟ. ಗೋಡೆಯ ತುದಿಗೆ ಹೋಗುವುದಷ್ಟೇ ಗುರಿಯಾಗಿದ್ದರೆ ಏಣಿ ಇಡಬಹುದು. ನಮ್ಮ ತೋಟಕ್ಕೆ ಕೊಯ್ಲಿಗೆ ಬರುವ ಅಣ್ಣ ಕಾಲಿಗೆ ಬಳ್ಳಿಯ ಕುಣಿಕೆ ಹಾಕಿ ಮರವೇರುವುದು ಆಟಕ್ಕಲ್ಲ. ಮಳೆಗಾಲದಲ್ಲಿ ಪಾಚಿ ಹಿಡಿದ ಮರವನ್ನು ತಟ್ಟಿ ನೋಡಿ, "ಇದು ಬೇಡ" ಎಂದು ಬಿಡುವಾಗ ಅವರು ಕೊಡುವ ದರ್ಜೆ ಜೀವದ ಲೆಕ್ಕ. ಬಂಟ್ವಾಳ ತಾಲೂಕಿನ ಸಜೀಪಮೂಡದ ಗಣಪತಿ ಭಟ್ಟರು ಕೂತುಕೊಂಡೇ ಅಡಿಕೆ ಮರವೇರುವ ಬೈಕ್ ತಯಾರಿಸಿ 2019ರಲ್ಲಿ ಸುದ್ದಿಯಾದಾಗ, ಅದು ಮೋಸ ಎಂದು ಯಾರೂ ಹೇಳಲಿಲ್ಲ. ಹೊಟ್ಟೆಗಾಗಿ ಏರುವವರ ಕಷ್ಟವನ್ನು ಕಡಿಮೆ ಮಾಡುವುದು ಒಳ್ಳೆಯ ಕೆಲಸ. ಆಟಕ್ಕಾಗಿ ಏರುವವರ ಕಷ್ಟವನ್ನು ತೆಗೆದುಬಿಟ್ಟರೆ ಆಟವೇ ಇಲ್ಲ. ಪರೀಕ್ಷೆ ಇವೆರಡರ ನಡುವೆ ಎಲ್ಲೋ ಇದೆ. ಕಲಿಯಲು ಕಷ್ಟ ಬೇಕು, ಅದನ್ನು ತೆಗೆಯಬಾರದು. ಆದರೆ ಎರಡು ಬಸ್ಸು ಬದಲಿಸಿ ಬರುವವಳಿಗೆ, ಇದು ಬೇಡವೆಂದು ಇನ್ನೊಂದು ಬಣ್ಣದ ದಾರಿ ಹಿಡಿಯುವ ಸ್ವಾತಂತ್ರ್ಯ ನನ್ನ ಪರೀಕ್ಷೆಯಲ್ಲಿರಲಿಲ್ಲ. ತಾನಾಗಿ ಆರಿಸಿಕೊಳ್ಳದ ಕಷ್ಟವನ್ನು ಒಡ್ಡುವವರು, ಅದು ಸಣ್ಣ ಹಿಡಿಕೆಯೋ ತಲುಪದ ಹಿಡಿಕೆಯೋ ಎಂದು ಎರಡು ಸಲ ನೋಡಬೇಕು. ನಾನು ಅಳೆಯಬೇಕಿದ್ದದ್ದು ಇತಿಹಾಸದ ತಿಳಿವಳಿಕೆಯನ್ನು. ಅಳೆದದ್ದು ಹಳೆಯ ಇಂಗ್ಲಿಷನ್ನು. ಚೀಟಿಯಲ್ಲಿ ಮಾತ್ರ ಇತಿಹಾಸ ಎಂದೇ ಬರೆದಿತ್ತು.

ಬೆಂಗಳೂರು ಬಿಡುವ ವಾರ ಗೋಡೆಗೆ ಹೋದಾಗ ನೀಲಿ ದಾರಿ ಇರಲಿಲ್ಲ. ಆ ಭಾಗವನ್ನು ಬಿಚ್ಚಿ ತೊಳೆದು ಹೊಸದಾಗಿ ಕಟ್ಟಿದ್ದರು. ಸೆಟರ್ ಜೊತೆಗೆ ಹೊಸ ದಾರಿಗಳನ್ನು ಏರಿ ನೋಡುತ್ತಿದ್ದವರಲ್ಲಿ ಆ ಕುಳ್ಳಗಿನ ಹುಡುಗಿಯೂ ಇದ್ದಳು. ಒಂದು ಕಡೆ ಅವಳ ಕೈ ತಲುಪದಿದ್ದಾಗ ಅವರು ಮೇಲಿನ ಹಿಡಿಕೆಯನ್ನು ಮುಟ್ಟಲಿಲ್ಲ. ಕಾಲಿಗೆಂದು ಬೆರಳಿನ ಗಾತ್ರದ ಒಂದು ಹಿಡಿಕೆಯನ್ನು ಕೆಳಗೆ ಬಿಗಿದರು. ಅಷ್ಟೇ. ಎತ್ತರದವರಿಗೆ ಅದರಿಂದ ಏನೂ ಬದಲಾಗಲಿಲ್ಲ.

ಗೋಡೆಯ ಚೀಟಿಯನ್ನು ಕಿತ್ತು ಬೇರೆ ಅಂಟಿಸಬಹುದು. ಸಲ್ಲಿಸಿದ ಅಂಕಪಟ್ಟಿಯನ್ನು ತಿದ್ದಲು ಬರುವುದಿಲ್ಲ. ಊರಿಗೆ ಬಂದ ಮೇಲೆ ಆ ವಿದ್ಯಾರ್ಥಿನಿಗೆ ಫೋನ್ ಮಾಡಿದೆ. ಅವಳ ಉತ್ತರವನ್ನು ನಾನು ತಪ್ಪಾಗಿ ಓದಿದೆ, ಅದರಲ್ಲಿ ಇತಿಹಾಸವಿತ್ತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪರವಾಗಿಲ್ಲ ಮೇಡಂ, ಅದು ಆಗಿಹೋಯ್ತಲ್ಲ" ಎಂದಳು. ಆಮೇಲೆ, "ಅಜ್ಜನ ಹತ್ರ ಹಳೆ ಗೇಣಿ ಚೀಟುಗಳು ಇನ್ನೂ ಉಂಟು. ನಿಮಗೆ ಬೇಕಾ?" ಎಂದು ಕೇಳಿದಳು. ಬೇಕು ಎಂದೆ. ನಾಲ್ಕು ತಿಂಗಳು ಪತ್ರಾಗಾರದಲ್ಲಿ ನಾನು ಹುಡುಕಿದ್ದು ಅಂಥವನ್ನೇ.

ಈ ಸೆಮಿಸ್ಟರ್ ಮತ್ತೆ ಪಾಠ ಮಾಡುತ್ತಿದ್ದೇನೆ. ಮೊನ್ನೆ ಪ್ರಶ್ನೆಪತ್ರಿಕೆ ಮುಗಿಸಿ, ಪರೀಕ್ಷೆ ಬರೆಯುವವರಲ್ಲದ, ನನ್ನ ದಾರಿ ಗೊತ್ತಿಲ್ಲದ ಒಬ್ಬಳಿಗೆ ಓದಲು ಕೊಟ್ಟೆ. ಕೊಣಾಜೆಯ ಹಾಸ್ಟೆಲಿನಲ್ಲಿ ಈ ವರ್ಷವಷ್ಟೇ ಎಂ.ಎ.ಗೆ ಸೇರಿದವಳು, ಬೇರೆ ವಿಭಾಗದವಳು. ಎರಡು ಸಲ ಓದಿ, "ಅಕ್ಕ, ಮೂರನೇ ಪ್ರಶ್ನೆಯಲ್ಲಿ ನೀವು ಕೇಳಿದ್ದು ಎಂತ?" ಎಂದಳು.

ಮೂರನೇ ಪ್ರಶ್ನೆ ನನಗೆ ತುಂಬ ಇಷ್ಟವಾದದ್ದಾಗಿತ್ತು. ಕೂತು ಮತ್ತೆ ಬರೆದೆ.